ಘಾಟಿನ ದಂಡೆ

ಮೆಣಸಿನಕಾಯಿಯ ರಾಶಿಗೂ ಹೊಳೆಗಿದ್ದಂತೆ ಎರಡು ದಂಡೆಗಳಿರುತ್ತವೆ, ಗೆಳೆಯರೇ: ಗಾಳಿ ಬರುವ ದಂಡೆ, ಗಾಳಿ ಹೋಗುವ ದಂಡೆ. ಬ್ಯಾಡಗಿಯಲ್ಲಿರುವ ನನ್ನ ಪುಟ್ಟ ಶೆಡ್ಡಿನಲ್ಲಿ ಹೆಂಗಸರು ರಾಶಿಯ ಸುತ್ತ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಮೊದಲನೆಯ ದಂಡೆಯವರು ಹರಟುತ್ತಾರೆ, ಎರಡನೆಯ ದಂಡೆಯವರು ಘಾಟಿಗೆ ಸೀನುತ್ತಾರೆ. ಹಳಬರಿಗೆ ಹರಟೆ, ಹೊಸಬರಿಗೆ ಸೀನು ಎಂಬುದು ನಡೆದುಬಂದ ಪದ್ಧತಿ.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಬೆನ್ನ ಮೇಲೆ ಚೀಲ ಹೊತ್ತು ಈ ಶೆಡ್ಡು ಕಟ್ಟಿದವನು; ಹಾಗಾಗಿ ನನಗೆ ತಿಳಿಯದ ಸಂಗತಿ ಲೋಕದಲ್ಲಿ ಬಹಳವಿಲ್ಲವೆಂದೇ ನಂಬಿದ್ದೇನೆ. ಆದರೂ ಹಾವೇರಿಯ ಕಾಲೇಜಿಗೆ ಹೋಗುವ ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದುವಾಗ ಕಿವಿ ಅತ್ತ ಹೊರಳುತ್ತದೆ. ಮೊನ್ನೆ ಬೆಳಿಗ್ಗೆ ಗ್ರೀಕರ ಪಾಠ. ಅಲ್ಲಿಯ ಹಳೆಯ ತತ್ತ್ವಜ್ಞಾನಿಯೊಬ್ಬ ಆದರ್ಶ ರಾಜ್ಯವನ್ನು ಮನಸ್ಸಿನಲ್ಲೇ ಕಟ್ಟಿದನಂತೆ. ಒಂದು ಚೀಲವನ್ನೂ ಹೊರದೆ ಕಟ್ಟಿದನೆಂಬುದನ್ನು ಗಮನಿಸಿ. ಅವರವರ ಸ್ವಭಾವಕ್ಕೆ ಒಗ್ಗಿದ ಕೆಲಸವನ್ನು ಅವರವರು ಮಾಡುವುದೇ ನ್ಯಾಯ, ಆಳುವವನು ಜ್ಞಾನಿಯಾಗಿರಬೇಕು ಎಂದನಂತೆ. ನನ್ನನ್ನು ಕಂಡೇ ಹೇಳಿದಂತಿತ್ತು. ಉಳಿದದ್ದನ್ನು ಕೇಳದೆ ಎದ್ದು ಶೆಡ್ಡಿಗೆ ನಡೆದೆ.

ಕದರಮಂಡಲಗಿಯಿಂದ ಬರುವ ಫಕ್ಕೀರವ್ವ ನಮ್ಮಲ್ಲಿ ಎಲ್ಲರಿಗಿಂತ ಹಳಬಳು. ಎಂಥ ಘಾಟಿಗೂ ಅವಳ ಮೂಗು ಮಿಸುಕದು. ಸ್ವಭಾವವೆಂದರೆ ಇದೇ ಅಲ್ಲವೇ? ಹೊಸಬರನ್ನು ಈಚೆ ಕರೆದು, ಅವಳಿಗೆ ಘಾಟಿನ ದಂಡೆ ತೋರಿಸಿದೆ.

“ಯಾಕ್ರಿ ಅಣ್ಣಾರ, ನಾ ಏನ್ ತಪ್ಪ ಮಾಡೀನಿ?”

“ತಪ್ಪಲ್ಲವ್ವಾ, ಇದು ನ್ಯಾಯ. ನಿನಗ ಸೀನು ಬರೂದಿಲ್ಲಲ್ಲ.”

“ಸೀನು ಬರೂದಿಲ್ಲ ಖರೇ, ಕಣ್ಣು ಉರಿಯೂದಿಲ್ಲಂತ ಯಾರ್ ಹೇಳಿದ್ರು? ಗಟ್ಟಿ ಅದಾಳಂತ ಗುದ್ದೂದು ನ್ಯಾಯ ಏನ್ರಿ? ನಾಳಿಂದ ಬಾಜೂ ಶೆಡ್ಡಿಗೆ ಹೊಕ್ಕೇನಿ. ಅಲ್ಲಿ ನ್ಯಾಯ ಇಲ್ಲಂತ, ಆರಾಮ ಐತಂತ.”

ಹೆಂಗಸರೆಲ್ಲ ನಕ್ಕರು; ನಾನು ನಗಲಿಲ್ಲ. ಅವಳು ಎದ್ದರೆ ಅವಳೂರಿನವರೆಲ್ಲ ಹಿಂದೆಯೇ ಏಳುತ್ತಾರೆ. ಸುಗ್ಗಿಯ ನಡುವೆ ರಾಶಿಗೆ ನಾನು, ನನಗೆ ರಾಶಿ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗಳ ಮೇಲೆ ಹರಿಹಾಯ್ದೆ: “ನಿಮ್ಮ ಗ್ರೀಕಪ್ಪನ ನ್ಯಾಯ ನಮ್ಮೂರಾಗ ನಡಿಯಾಂಗಿಲ್ಲ ನೋಡು.”

“ಅರ್ಧಾ ಕೇಳಿ ಎದ್ದು ಹೋದ್ರ ಹೆಂಗಪ್ಪಾ?” ಅವಳು ರೊಟ್ಟಿ ಹಾಕುತ್ತ ನಕ್ಕಳು. “ಆಳೋರಿಗೆ ಸ್ವಂತ ಮನಿ ಇರಬಾರ್ದು, ಬಂಗಾರ ಇರಬಾರ್ದು, ತಮ್ಮ ಸುಖಾನೂ ನೋಡಬಾರ್ದಂತ ಮುಂದ ಐತಿ.”

ಯಾವ ಕಾಲದಲ್ಲೋ ಯಾವ ದೇಶದಲ್ಲೋ ಕುಳಿತು ನನ್ನ ಕುರ್ಚಿಗೆ ಕೈಹಾಕಿದ ಆ ಮಹಾನುಭಾವನ ಮೇಲೆ ಸಿಟ್ಟು ಬಂತು. ಆದರೆ ಯಾರನ್ನು ಎಲ್ಲಿ ಕೂರಿಸಲೆಂದು ಬೆಳಿಗ್ಗೆ ತೂಗಿ ನೋಡುವಾಗ ನಾನು ನಿಂತಿದ್ದೆಲ್ಲಿ? ಬಾಗಿಲಲ್ಲಿ, ತಂಪಿನಲ್ಲಿ. ನ್ಯಾಯ ಹಂಚುವವರಿಗೆಲ್ಲ ಮೊದಲು ಸಿಗುವುದು ಆ ಜಾಗವೇ ಇರಬೇಕು.

ಮರಳಿ ಹೋಗಿ, ಫಕ್ಕೀರವ್ವನನ್ನು ಗಾಳಿ ಬರುವ ದಂಡೆಗೆ ಕಳಿಸಿ, ನಾನೇ ಗೋಣಿಚೀಲ ಹಾಸಿಕೊಂಡು ಘಾಟಿನ ದಂಡೆಯಲ್ಲಿ ಕುಳಿತೆ. ತೊಟ್ಟಿಗಿಂತ ಸೀನೇ ಹೆಚ್ಚು ಉದುರಿದವು. ಎದುರಿಗೆ ಫಕ್ಕೀರವ್ವ ಸರಸರನೆ ತೊಟ್ಟು ಬಿಡಿಸುತ್ತಿದ್ದಳು. ಸಂಜೆಯಾಗುತ್ತಲೇ ಗಾಳಿ ತಿರುಗಿ, ಘಾಟು ಅವಳತ್ತ ಹೊರಟಿತು. ನಾನು ಎದೆ ತುಂಬ ಉಸಿರೆಳೆದುಕೊಂಡೆ.

“ಹಿಗ್ಗಬ್ಯಾಡ್ರಿ ಅಣ್ಣಾರ,” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದಳು. “ನಿಮ್ಮ ಸಿಂಹಾಸನ ಈ ಕಡೆ ಬಂತು, ಏಳ್ರಿ. ನಾಳೆನೂ ಲಗೂ ಬಂದು ಗಾಳಿ ನೋಡಿ ಕುಂದ್ರಿ. ನಾವೆಲ್ಲ ಬರ್ತೀವಿ.”

ಚೀಲ ಎತ್ತಿಕೊಂಡು ಎದ್ದೆ.