ತೂಕದ ಕೋಣೆಯ ಭಾವ

ಮೊನ್ನೆ ಸಿರ್ಸಿಯ ಔಷಧಿ ಅಂಗಡಿಯಲ್ಲಿ ತೂಕದ ಯಂತ್ರ ಹತ್ತಿದೆ. ಮುಳ್ಳು ಎಲ್ಲಿ ನಿಂತಿತೆಂದು ನಿಮಗೆ ಹೇಳುವುದಿಲ್ಲ. ಕೈಚೀಲ ಕೆಳಗಿಟ್ಟು ಇನ್ನೊಮ್ಮೆ ಹತ್ತಿದೆ ಎಂದರೆ ಸಾಕಲ್ಲ. ಆಗ ನೆನಪಾದವರು ಗಣಪತಿ ಭಾವ.

ಭಾವ ಅಂದರೆ ನನ್ನ ಅಕ್ಕನ ಗಂಡ. ದೂರದ ಶಹರದ ರೇಸ್ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ನೌಕರಿ ಮಾಡಿದವರು. ಅಬ್ಬಾ, ಎಷ್ಟು ಓಟ ನೋಡಿರಬೇಕು ಎನ್ನುತ್ತೀರಿ. ಒಂದನ್ನೂ ನೋಡಿರಲಿಲ್ಲ. ಅವರ ಕೆಲಸ ತೂಕದ ಕೋಣೆಯಲ್ಲಿ. ಓಟಕ್ಕೆ ಮುಂಚೆ ಸವಾರ ಜೀನು ಅಪ್ಪಿಕೊಂಡು ತಕ್ಕಡಿಯಲ್ಲಿ ಕೂರಬೇಕು, ಓಟ ಮುಗಿಸಿ ಬಂದು ಮತ್ತೆ ಕೂರಬೇಕು. ತೂಕ ಕಡಿಮೆಯಾದರೆ ಗೆದ್ದದ್ದೂ ಗೆದ್ದಂತಲ್ಲ. ಕ್ಲಬ್ಬಿನ ಕಾನೂನು ಅದು. ಹೊರಗೆ ಸಾವಿರ ಜನ ಎದ್ದು ಕೂಗುವಾಗ ಭಾವ ಒಳಗೆ ತಕ್ಕಡಿ ಕಾಯುತ್ತಿದ್ದರು. ಮದುವೆ ಮನೆಯಲ್ಲಿ ಮುಹೂರ್ತ ನೋಡಿದ ಅಡುಗೆಭಟ್ಟರು ಎಲ್ಲಿದ್ದಾರೆ ಹೇಳಿ?

"ರಜೆಯಲ್ಲಾದರೂ ನೋಡಬಹುದಿತ್ತಲ್ಲ ಭಾವ?" ಎಂದು ಕೇಳಿದ್ದೆ.

"ಯಂಗೆ ರಜೆ ಇದ್ದ ದಿನ ಕುದ್ರೆಗೂ ರಜೆ, ಮಾರಾಯ."

ತೊಂಬತ್ತರ ದಶಕದ ಕೊನೆಗೆ ನಿವೃತ್ತರಾಗಿ ಸಿರ್ಸಿಗೆ ಬಂದರು. ಎರಡು ವರ್ಷದ ಮೇಲೆ ಎಕ್ಕಂಬಿ ಕಡೆಯ ಕುದುರೆಗಾಡಿ ಷರತ್ತಿನ, ಅಂದರೆ ಓಟದ ಪಂದ್ಯದ, ಕಮಿಟಿಯವರು ಹುಡುಕಿಕೊಂಡು ಬಂದರು. ಕ್ಲಬ್ಬಿನಲ್ಲಿದ್ದವರು, ತಿಳಿಯದ್ದು ಏನಿದ್ದೀತು? ನಿರ್ಣಾಯಕರಾಗಬೇಕು ಎಂದರು. ತಾವು ಓಟವನ್ನೇ ನೋಡಿಲ್ಲ ಎಂದು ಭಾವ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ನನ್ನೊಡನೆ, "ಸಾಯದ್ರೊಳಗೆ ಒಂದು ಓಟ ಪೂರಾ ನೋಡವು ಹೇಳಿ ಆಶೆ" ಎಂದರು. ನನಗೆ ಪಾಪ ಅನ್ನಿಸಿತು.

ಕೊಯ್ಲಾದ ಬಯಲು. ಕೊನೆಯಲ್ಲಿ ಸುಣ್ಣದ ಗೆರೆ, ಗೆರೆಯ ಎದುರು ಭಾವನ ಕುರ್ಚಿ, ಪಕ್ಕದಲ್ಲಿ ಶಾಲು ಹೊದ್ದ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. ಅಂತಿಮ ಓಟದಲ್ಲಿ ಎರಡು ಗಾಡಿ. ಬಸಪ್ಪನೆಂಬವನ ಕಂದು ಕುದುರೆ ಹಿಂದಿನಿಂದ ಕಿವಿ ಮಲಗಿಸಿಕೊಂಡು ಬಂತು. ಭಾವ ಎದ್ದೇಬಿಟ್ಟರು, ಎರಡೂ ಕೈ ಎದೆಯ ಮೇಲೆ. ಗಾಡಿಗಳು ಸರಿಸಮನಾಗಿ ಗೆರೆ ದಾಟಿ ಮುಂದೆ ಹೋದರೂ ಅವರ ಮುಖ ಕುದುರೆಯ ಹಿಂದೆಯೇ ತಿರುಗಿತ್ತು.

"ಹೇಳ್ರಿ ಸಾಹೇಬ್ರ, ಯಾವ ಗಾಡಿ ಮುಂದ?" ಕಮಿಟಿ ಸುತ್ತುವರಿಯಿತು.

"ಯಾವುದಾದರೂ ಒಂದು ಹೇಳಿಬಿಡಿ" ಎಂದು ನಾನು ಮೆಲ್ಲಗೆ ಅಂದೆ. ನನ್ನ ಬುದ್ಧಿಯೇ ಅಷ್ಟು.

ಭಾವ ಕೆಂಪಗಾದರು. "ನಾನು ಗೆರೆ ನೋಡ್ಲಿಲ್ರೀ. ಕುದ್ರೆ ನೋಡ್ತಾ ನಿಂತ್ಬಿಟ್ಟೆ."

ಬೈಗುಳ ಬಿತ್ತು, ನ್ಯಾಯವಾಗಿಯೇ. ಓಟ ಮತ್ತೆ ನಡೆಯಿತು. ಈ ಸಲ ಭಾವ ಸುಣ್ಣದ ಗೆರೆಯಿಂದ ಕಣ್ಣು ಕದಲಿಸಲಿಲ್ಲ. ದಣಿದ ಕಂದು ಕುದುರೆ ಸೋತಿತು.

ಭಾವ ತಾವಾಗಿ ಬಸಪ್ಪನ ಹತ್ತಿರ ಹೋಗಿ, "ನನ್ನಿಂದ ತಪ್ಪಾಯ್ತು" ಎಂದು ಕೈಮುಗಿದರು. ಬಸಪ್ಪ ಕುದುರೆಯ ಬೆವರು ಒರೆಸಿ ಮುಗಿಸಿದ. ಕೊನೆಗೆ, "ನಾ ಗಾಡಿ ಮ್ಯಾಲೆ ಇದ್ದೆ, ಬಾಲಾ ಬಿಟ್ರ ನನಗೇನೂ ಕಾಣಂಗಿಲ್ಲ. ನೀವರ ನೋಡೀರಿ. ಹೇಳ್ರಿ, ಹೆಂಗ ಓಡ್ತು?" ಎಂದ.

ಭಾವ ಹೇಳತೊಡಗಿದರು. ತಂದಿಟ್ಟ ಚಹಾ ಇಬ್ಬರದೂ ಆರಿತು.

ಭಾವ ಈಗಿಲ್ಲ. ಹೋದ ವಾರ ಕಮಿಟಿಯ ಹೊಸಬರು ನಮ್ಮನೆಗೆ ಬಂದು, "ಈ ಸಲ ನಿರ್ಣಾಯಕರಾಗಿ ನೀವ ಬರ್ರಿ ಸರ್, ಗೆರೆ ಮುಂದ ಕುರ್ಚಿ ಹಾಕ್ತೇವಿ" ಎಂದರು. ಮರ್ಯಾದೆಗೆ ಬಾಯಿಬಿಡುವ ಮನುಷ್ಯ ನಾನು, ನಿಮಗೆ ಗೊತ್ತಾಗಿದೆ. ಆದರೂ ಕುರ್ಚಿ ಬೇರೆಯವರಿಗೆ ಕೊಡಿ ಎಂದೆ. ನನಗೆ ಓಟ ನೋಡಬೇಕಿತ್ತು.