ರಕ್ತಕ್ಕೆ ಗೊತ್ತಿದ್ದ ಊಟ

ಬೆಳಿಗ್ಗೆ ಅಂಗಳ ಗುಡಿಸಿದೆ. ತುಳಸಿಗೆ ನೀರು ಹಾಕಿದೆ. ಎರಡು ಲುಂಗಿ ಒಗೆದು ಹರವಿದೆ. ಬಿದ್ದ ತೆಂಗಿನಕಾಯಿ ಹೆಕ್ಕಿದೆ. ತಲ್ಲೂರು ಪೇಟೆಗೆ ಹೋಗಿ ಬೇಕರಿಯಿಂದ ಟೋಸ್ಟಿನ ಪ್ಯಾಕೆಟ್ ತಂದು, ಅಕ್ಕ ಬರುವವಳಿದ್ದಾಳಲ್ಲ ಎಂದು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟೆ.

ಅಕ್ಕ ಶಿರೂರಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದಳು, ಚೀಲದಲ್ಲಿ ಬಂಗುಡೆ ಮೀನು. ನನ್ನ ಹೆಂಡತಿ ತೀರಿಕೊಂಡು ವರ್ಷ ಕಳೆದ ಮೇಲೆ ಅಕ್ಕನದ್ದು ಒಂದೇ ಹಟ: ಈ ಮನೆಗೆ ಬೀಗ ಹಾಕಿ ನಾನು ಅವಳ ಜೊತೆ ಹೋಗಿ ಇರಬೇಕು. ನನ್ನದೂ ಒಂದೇ ಉತ್ತರ: ನಾನೇ ಅಡುಗೆ ಮಾಡಿ ಉಣ್ಣುತ್ತೇನೆ, ನನಗೇನೂ ಕಡಿಮೆಯಿಲ್ಲ.

ಫೋನು ಬಂದದ್ದು ಆಗಲೇ. ಕಳೆದ ತಿಂಗಳು ಊರ ಶಾಲೆಯಲ್ಲಿ ನಮ್ಮೆಲ್ಲರ ರಕ್ತ ತೆಗೆದುಕೊಂಡು ಹೋದ ಸಂಶೋಧನೆಯವರ ಪೈಕಿ ಒಬ್ಬ ಹುಡುಗಿ. ಹಿಟ್ಟು, ಬಟಾಟೆ ಇಂಥವನ್ನು ಕೆಂಪಗೆ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದಂತೆ. ಅದು ಯಾರ ಮೈಗೆ ಎಷ್ಟು ಸೇರಿದೆ ಎಂದು ರಕ್ತದಲ್ಲಿ ಅಳೆಯುತ್ತಾರೆ. ಕಿವಿ ಸ್ವಲ್ಪ ಮಂದವಾದ್ದರಿಂದ ನಾನು ಸ್ಪೀಕರ್ ಹಾಕಿಯೇ ಮಾತಾಡುವವನು.

"ನಿಮ್ದ್ ಜಾಸ್ತಿ ಬಂದಿತ್ ಸರ್. ಹುರುಳಿ ಸಾರ್, ಬಸಳೆ ಅಂತ ನೀವ್ ಹೇಳಿದ್ ಊಟಕ್ಕೂ ಇದಕ್ಕೂ ತಾಳೆ ಆತಿಲ್ಲ. ಬೇಕರಿ ತಿಂಡಿ, ಚಿಪ್ಸ್ ಎಲ್ಲ ತಿಂತ್ರಾ?"

ವಾರವಿಡೀ ಏನು ಉಣ್ಣುತ್ತೀರಿ ಎಂದು ಶಾಲೆಯಲ್ಲಿ ಅವಳು ಕೇಳಿದಾಗ ನನ್ನ ಬಾಯಿಗೆ ಬಂದದ್ದು ಹೆಂಡತಿ ಇದ್ದಾಗಿನ ವಾರ. ಸೋಮವಾರ ಹುರುಳಿ ಸಾರು, ಮಂಗಳವಾರ ಬಸಳೆ, ಬುಧವಾರ ಮೀನು. ಮೋಸ ಮಾಡಬೇಕೆಂದಲ್ಲ. ಎದುರು ಕೂತು ಊಟದ ವಿಚಾರ ಕೇಳುವವರೊಬ್ಬರು ಸಿಕ್ಕಿ ಬಹಳ ದಿನವಾಗಿತ್ತು, ಹೇಳುತ್ತ ಹೋದೆ.

"ಹಳೇ ಊಟದ್ ಎಂತದೂ ಇಪ್ಪುದಿಲ್ಯಾ ರಕ್ತದಗೆ?" ಎಂದೆ.

"ಇಲ್ಲ ಸರ್. ರಕ್ತ ಹೊಸತ್ ಆತಾ ಇರತ್ತ್ ಅಲ್ದಾ? ಮೂರ್ ನಾಲ್ಕ್ ತಿಂಗ್ಳಿಂದ್ ಮಾತ್ರ ಕಾಂಬುದ್. ಹಿಂದಿಂದೆಲ್ಲ ಹೋಯ್ತ್."

ವರ್ಷದೊಳಗೆ ಹೆಂಡತಿಯ ಬಟ್ಟೆ, ಬಳೆ ಎಲ್ಲ ಕೊಟ್ಟು ಮುಗಿಸಿದ್ದೆ. ಅವಳು ಉಣ್ಣಿಸಿದ್ದಾದರೂ ಮೈಯಲ್ಲಿ ಇದ್ದೀತು ಅಂದುಕೊಂಡಿದ್ದೆನೋ ಏನೋ. ಫೋನು ಇಟ್ಟೆ.

ಅಷ್ಟರಲ್ಲಿ ಅಕ್ಕ ಡಬ್ಬಿಯ ಹಿಂದೆ ಕೈ ಹಾಕಿ ಟೋಸ್ಟಿನ ಪ್ಯಾಕೆಟ್ ಎಳೆದಾಗಿತ್ತು. "ಹ್ವಾಯ್ ಅಡ್ಗಿ ಭಟ್ರೇ, ಇದೆಂತ? ಹುರುಳಿ ಸಾರಾ?"

"ಒಬ್ಬನಿಗೆ ಎಂತ ಅಡ್ಗಿ ಅಕ್ಕ?"

"ಹಂಗಾರ್ ನಾಳೆ ಹೊರಡ್. ಬೀಗ ಹಾಕ್."

"ಬತ್ತಿಲ್ಲೆ. ನಾ ಇಲ್ಲೇ ಇಪ್ಪುದ್."

ಅವಳು ಮಣೆ ಎಳೆದುಕೊಂಡು ಕೂತಳು. "ಬಂಗ್ಡಿ ಅಲ್ಲಿತ್. ನೀನೇ ಸಾರ್ ಮಾಡ್ ಮಾರಾಯಾ, ನಾ ಮುಟ್ತಿಲ್ಲೆ. ಬಾಯಿಗಿಡೂಕೆ ಆತ್ ಅಂದ್ರೆ ನಾಳೆ ನಾ ಒಬ್ಳೇ ಹೋತೆ."

ಕೊತ್ತಂಬರಿ ಎಷ್ಟು, ಹುಣಸೆಹಣ್ಣು ಎಷ್ಟು ಎಂದು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ತೋಚಿದಷ್ಟು ಹಾಕಿ ಮಸಾಲೆ ಅರೆದೆ.

ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಉಪ್ಪು ಹೆಚ್ಚಾಗಿತ್ತು, ಹುಳಿ ಸಾಲದು. ಅಕ್ಕ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಬೀಗದ ಮಾತು ಎತ್ತಲಿಲ್ಲ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಚಾವಡಿಯಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.