ಬಿಸಿಲಿಗೆ ಕೂತ ಅತ್ತೆ

ದೀಕ್ಷಾ, ಗಣೇಶಾ, ನಿಮ್ಮ ಮುತ್ತಜ್ಜಿಯ ಪಾದ ನೀವು ನೋಡಿಲ್ಲ. ಹಿಮ್ಮಡಿಯ ಬಿರುಕಿನಲ್ಲಿ ನಾಲ್ಕಾಣೆಯ ನಾಣ್ಯ ನಿಲ್ಲಿಸಬಹುದಿತ್ತು. ಮದುವೆಗೆ ಮುಂಚೆ ಉಪ್ಪು ಬೆಳೆಯುವ ಆಗರದಲ್ಲಿ ದುಡಿದ ಪಾದ ಅದು. ಎಷ್ಟು ಎಣ್ಣೆ ತಿಕ್ಕಿದರೂ ಉಪ್ಪಿನ ಬಿಳಿ ಹೋಗಲಿಲ್ಲ. ಅವರು ನನ್ನ ಅತ್ತೆ. ನಿಮ್ಮ ಅಜ್ಜ ಬೇಗ ತೀರಿಕೊಂಡರು. ಅಂಕೋಲೆಯ ಈ ಮನೆಯಲ್ಲಿ ನಿಮ್ಮ ಅಪ್ಪನನ್ನು ಬೆಳೆಸಿದವರು ನಾವಿಬ್ಬರೇ.

ನಿಮ್ಮ ಅಪ್ಪ ಮಿಲಿಟರಿ ಸೇರಿ ಕಾಶ್ಮೀರದ ಹಿಮದ ಗುಡ್ಡಕ್ಕೆ ಹೋದಾಗ ಅತ್ತೆಗೆ ಇದ್ದದ್ದು ಚಳಿಯ ಹೆದರಿಕೆ ಒಂದೇ. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಸೂರ್ಯನನ್ನೇ ಗದರುತ್ತಿದ್ದರು: "ಇಲ್ಲಿ ಸುಟ್ಟದ್ದು ಸಾಕೋ ಮಾರಾಯಾ! ಸ್ವಲ್ಪ ಆ ಬದಿಗೂ ಹೋಗು. ಹುಡುಗ ಸೆಟೆದು ಹೋಗ್ತಾ ಅವ್ನೆ." ಅಷ್ಟಕ್ಕೆ ಬಿಡದೆ, ಅಲ್ಲಿ ಬಿಸಿಲು ಬಿದ್ದರೆ ಬಾಳೆಗೊನೆ ಒಪ್ಪಿಸುತ್ತೇನೆಂದು ಊರ ದೇವರಿಗೆ ಹರಕೆಯನ್ನೂ ಹೇಳಿಕೊಂಡರು.

ಯುಗಾದಿ ಕಳೆದ ಮೇಲೆ ಪಕ್ಕದ ಮನೆಗೆ ಅವನ ಫೋನು ಬಂತು. ಅತ್ತೆಯೂ ಕಿವಿ ತಂದು ಒತ್ತಿದರು.

"ಚಳಿ ಕಮ್ಮಿ ಆಯ್ತಾ ಮಗಾ?" ಎಂದೆ.

"ಅದೇ ಕಷ್ಟ ಆಯಿ. ಬಿಸಿಲು ಜೋರಾಗ್ಯದೆ, ಮೇಲಿಂದ ಮಳೆ ಬೇರೆ. ಹಿಮ ನೀರು ಕುಡ್ದು ಸಡ್ಲ ಆಗ್ಯದೆ. ಯಾವಾಗ ಜಾರಿ ಬರ್ತದೆ ಹೇಳೂಕೆ ಆಗೂದಿಲ್ಲ. ಚಳಿ ಇದ್ದಾಗ್ಲೇ ಚಲೋ ಇತ್ತು. ಈಗ ಅದರ ಬುಡದಲ್ಲೇ ದಾಟಿ ಹೋಗೂದದೆ."

ಅತ್ತೆ ಫೋನು ಕಸಿದುಕೊಂಡರು. "ಉಪ್ಪಿನ ರಾಶಿ ಮೇಲೆ ಅಕಾಲ ಮಳೆ ಬಿದ್ದಾಂಗಾ ತಮ್ಮಾ?"

"ಹಾಂಗೇ ಅಜ್ಜಿ. ರಾಶಿ ಮಾತ್ರ ಗುಡ್ಡದಷ್ಟು."

ಚಿಕ್ಕಂದಿನಲ್ಲಿ ಅಂಥ ರಾಶಿ ಜಾರಿ ಅತ್ತೆಯ ತಂಗಿ ಸೊಂಟದವರೆಗೆ ಹೂತುಹೋಗಿದ್ದಳಂತೆ. ಫೋನು ಇಟ್ಟು ಮನೆಗೆ ಬರುವಾಗ ಅತ್ತೆಯದು ಒಂದೇ ಮಾತು: "ಆ ಬಿಸಿಲು ನಾನೇ ಕೇಳಿದ್ದಲ್ವೇ?"

ಮರುದಿನ ದೇವಸ್ಥಾನಕ್ಕೆ ಹೋಗಿ, ಹರಕೆ ವಾಪಸ್ ತೆಗೆದುಕೊಳ್ಳಬೇಕು ಎಂದರು. ಪೂಜೆ ಮಾಡುವ ಗುನಗ ನಕ್ಕ. "ಹರಕೆ ಅಂದ್ರೆ ಬಂಗಡೆ ಮೀನಾ ಅಜ್ಜಿ, ಹಾಳಾಗ್ಯದೆ ಹೇಳಿ ತಿರುಗಿ ಕೊಡೂಕೆ?"

"ನಗಬೇಡ್ವೋ. ತಿಳೀದೆ ಕೇಳ್ದೆ ಅಂತ ದೇವ್ರಿಗೆ ಹೇಳು. ಆ ಬಿಸಿಲು ನನ್ನ ಮೇಲೇ ಹಾಕ್ಲಿ."

ಅಂದಿನಿಂದ ಮಧ್ಯಾಹ್ನವಿಡೀ ಅಂಗಳದಲ್ಲಿ, ಸಾರಿನ ಹುಳಿಗೆಂದು ಮುರುಗಲು ಸಿಪ್ಪೆ ಒಣಹಾಕಿದ ಚಾಪೆಯ ಪಕ್ಕ, ಬರಿತಲೆಯಲ್ಲಿ ಕೂತರು. ಕೊಡೆ ಹಿಡಿದರೆ ತಳ್ಳಿದರು. "ಸರಿ ಆಚೆ. ನಾ ತಿಂದಷ್ಟು ಬಿಸಿಲು ಅಲ್ಲಿ ಕಮ್ಮಿ ಆಗ್ತದೆ." ಮಜ್ಜಿಗೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಒಳಗೆ ಹೋದರೆ ನನಗೆ ಮಗನ ಚಿಂತೆ, ಹೊರಗೆ ಬಂದರೆ ಅವರದು. ಪಕ್ಕದ ಮನೆಯ ಫೋನು ಯಾರಿಗೆ ಬಂದರೂ ಹೆದರಿ ಒಳಗೇ ಕೂತುಬಿಡುತ್ತಿದ್ದೆ.

ಕೊನೆಗೆ ಅವನದೇ ಫೋನು. ಬೆಳಗಿನ ಚಳಿಗೆ ಹಿಮ ಗಟ್ಟಿಯಿರುವಾಗಲೇ ಅವನ ಮೇಲಿನ ಸಾಹೇಬರು ಎಲ್ಲರನ್ನೂ ದಾಟಿಸಿದ್ದರಂತೆ. ಹಿಮ ಜಾರಿದ್ದು ಮಧ್ಯಾಹ್ನ. ದಾರಿ ಖಾಲಿಯಿತ್ತು.

ಓಡಿಬಂದು ಹೇಳಿದೆ. ಅತ್ತೆ ಎದ್ದು, ಹಲಸಿನ ಮರದ ನೆರಳಿಗೆ ಹೋಗಿ ಕೂತು, "ನೀರು ಕೊಡು" ಎಂದರು. ಕೇಳಿದ ಬಿಸಿಲು ಕೊಟ್ಟಿದ್ದನಲ್ಲ ಎಂದು ದೇವರಿಗೆ ಗೊನೆಯನ್ನೂ ಒಪ್ಪಿಸಿದರು.

ನಿಮ್ಮ ಅಪ್ಪನ ಮದುವೆ ನೋಡಿಯೇ ಅವರು ಹೋದದ್ದು. ಅಪ್ಪನನ್ನು ಉಳಿಸಿದವರು ಆ ಸಾಹೇಬರು, ನನಗೆ ಗೊತ್ತು. ಆದರೂ ನಾನು ಹೆದರಿ ಒಳಗೆ ಕೂತ ದಿನಗಳಲ್ಲಿ ನನ್ನ ಅತ್ತೆ ಹೊರಗೆ ಕೂತಿದ್ದರು. ಇದನ್ನು ಎದುರಿಗೆ ಹೇಳಲು ನನಗೆ ಬಾಯಿ ಬಾರದು, ಅದಕ್ಕೆ ಬರೆದೆ. ಈ ಹಾಳೆಗಳನ್ನು ಜೋಪಾನ ಮಾಡಿ. ಉಪ್ಪಿನ ಭರಣಿಯ ಹತ್ತಿರ ಬೇಡ, ನೀರು ಎಳೆಯುತ್ತದೆ. ನೆರಳಿನಲ್ಲಿಡಿ.